ಯಾವುದು ಮೊದಲು, ಜೆಂಗೆ?

ಬಿಷ್ಕೆಕ್, 14 ಸೆಪ್ಟೆಂಬರ್ 2003

ಜೆಂಗೆ,

ಆಲೂಗಡ್ಡೆ ಮೂಟೆ ತಲುಪಿತು. ಡ್ರೈವರ್ ಸಾಬಿರ್ ಅದರ ಮೇಲೆ ಯಾರನ್ನೋ ಕೂರಿಸಿಕೊಂಡು ಬಂದಿರಬೇಕು, ಅರ್ಧ ಜಜ್ಜಿಹೋಗಿದೆ. ಕೇಳಿದರೆ, "ನರಿನ್‌ನಿಂದ ಇಲ್ಲೀತನಕ ನಿಂತ್ಕೊಂಡು ಬರೋಕೆ ಆಲೂಗಡ್ಡೆಗೆ ಕಾಲಿದ್ಯಾ?" ಅಂತ ನನಗೇ ತಿರುಗಿ ಕೇಳಿದ.

ಕಾಲೇಜು ಶುರುವಾಗಿ ಎರಡು ವಾರ. ನನಗೆ ಊಟ ಸೇರುತ್ತಿಲ್ಲ. ಇಂಗ್ಲಿಷ್ ಪಾಠ ಮಾಡುವವರು ತಮಾರಾ ಇಸಾಯೆವ್ನಾ, ಇದೇ ಊರಲ್ಲಿ ಹುಟ್ಟಿ ಬೆಳೆದ ರಷ್ಯನ್ ಹೆಂಗಸು. ಭೂತಕಾಲ ಶುರುಮಾಡಿದ್ದಾರೆ. ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು, "ಬದುಕಲ್ಲಿ ಆಗಿದ್ದನ್ನೆಲ್ಲ ಈ ಗೆರೆ ಮೇಲೆ ಕೂರಿಸಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ಲದೋರಿಗೆ ಇಂಗ್ಲಿಷ್ ಬರಲ್ಲ" ಅಂದರು. ‘ನನ್ನ ಬಾಲ್ಯ’ ಅಂತ ಒಂದು ಪುಟ ಬರೆಯಬೇಕಿತ್ತು. ನಾನು ಬರೆದೆ: ‘ನನಗೆ ಒಂಬತ್ತು ವರ್ಷವಾದಾಗ ನನ್ನ ತಾಯಿ ತೀರಿಕೊಂಡಳು. ನನ್ನ ತಾಯಿ ಹಳ್ಳಿಯಲ್ಲಿದ್ದಾಳೆ.’

ಕೆಂಪು ಶಾಯಿಯಲ್ಲಿ ಅಡ್ಡ ಗೆರೆ ಬಿತ್ತು. "ಸತ್ತೋಳು ಹಳ್ಳೀಲಿ ಹೇಗಿದ್ದಾಳಮ್ಮಾ? ಕಾಲ ತಪ್ಪಿದೆ." ತರಗತಿಯೆಲ್ಲ ನಕ್ಕಿತು. ನನ್ನ ರೂಮ್‌ಮೇಟ್ ತಾತಿಬೂ ಮಾತ್ರ ನಗಲಿಲ್ಲ. ಎದ್ದು ನಿಂತು, "ಕಾಲ ಸರಿಯಾಗೇ ಇದೆ ಮೇಡಂ. ನಮ್ಮಲ್ಲಿ ಮೊದಲ ಮಗೂನ ಗಂಡನ ಅಪ್ಪ ಅಮ್ಮನ ಮಡಿಲಿಗೆ ಹಾಕ್ತಾರೆ. ಸಾಕಿದ ಅಜ್ಜಾನೇ ಅತಾ, ಅಂದ್ರೆ ಅಪ್ಪ; ಅಜ್ಜೀನೇ ಅಪಾ, ಅಂದ್ರೆ ತಾಯಿ. ಹುಟ್ಟಿಸಿದೋನು ಬೈಕೆ, ಅಂದ್ರೆ ಅಣ್ಣ. ಹೆತ್ತೋಳು ಜೆಂಗೆ, ಅಂದ್ರೆ ಅತ್ತಿಗೆ. ಇವಳಿಗೆ ತಾಯಂದ್ರು ಇಬ್ರು" ಅಂದಳು. ನಾನು ಮುಖ ಮುಚ್ಚಿಕೊಂಡೆ. ಊರಿಗೆಲ್ಲ ಗೊತ್ತಿದ್ದದ್ದೇ, ನನಗೂ ಗೊತ್ತಿದ್ದದ್ದೇ. ಆದರೆ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅಂದದ್ದಿಲ್ಲವಲ್ಲ.

ಮೇಡಂ ಪುಟ ವಾಪಸು ಕೊಟ್ಟು, ಡಿಸೆಂಬರಿನ ಪರೀಕ್ಷೆಗೆ ಇದನ್ನೇ ಸರಿಯಾಗಿ ಬರೆದು ತಾ ಅಂದಿದ್ದಾರೆ. ಒಂದು ವಾಕ್ಯದಲ್ಲಿ ನಿಂತುಬಿಟ್ಟಿದ್ದೇನೆ: ‘ಅತಾ ನನ್ನನ್ನು ನರಿನ್‌ನ ಶಾಲೆಯ ಹಾಸ್ಟೆಲಿಗೆ ಸೇರಿಸುವ ಹೊತ್ತಿಗೆ…’ ಮುಂದೆ ಏನು? ಅಪಾ ತೀರಿಕೊಂಡಿದ್ದಳು, ಅದು ಗೊತ್ತು. ಅಷ್ಟರಲ್ಲಿ ಇನ್ನೇನಾಗಿತ್ತು? ನನ್ನನ್ನು ಯಾರಾದರೂ ವಾಪಸು ಕೇಳಿದ್ದರೇ? ನಿಮಗೆ ನೆನಪಿದ್ದರೆ ಬರೆಯಿರಿ. ಬರೀ ಗ್ರಾಮರಿಗಾಗಿ ಕೇಳುತ್ತಿದ್ದೇನೆ.

ಝಿಪಾರ್


ತೆರೆಕ್-ಬುಲಾಕ್, 27 ಸೆಪ್ಟೆಂಬರ್ 2003

ಮುದ್ದಿನ ಎರ್ಕೆಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅತಾ ಚೆನ್ನಾಗಿದ್ದಾರೆ, ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಬೆಳಕು, ಬಣ್ಣ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ನಿನ್ನ ಬೈಕೆ ಕುರಿ ಹೊಡೆದುಕೊಂಡು ಚಳಿಗಾಲದ ಬಯಲಿಗೆ ಹೋದರು. ನಮ್ಮ ಹುಡುಗ ಕುಬಾತ್ ಈಗ ಐದನೇ ಕ್ಲಾಸು, ಎರಡು ಅಂಗಿ ಹರಿದುಕೊಂಡಿದ್ದಾನೆ. ಬೆಟ್ಟದ ತುದಿಗೆ ಆಗಲೇ ಹಿಮ ಬಂದಿದೆ. ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಚೀಲ ಕುರುತ್ ಕಳಿಸಿದ್ದೇನೆ. ಮೊಸರು ಈ ಸಲ ಹುಳಿ ಹೆಚ್ಚಾಗಿತ್ತು, ಕುರುತ್ ಉಂಡೆ ಕಲ್ಲಾಗಿದೆ, ಹಲ್ಲು ಜೋಪಾನ.

ಚೆನ್ನಾಗಿ ಊಟ ಮಾಡು. ಹಳೆಯ ಮಾತು ಕೆದಕಿದರೆ ಧೂಳು ಬಿಟ್ಟು ಇನ್ನೇನು ಬರುತ್ತದೆ? ಪುಸ್ತಕದಲ್ಲಿರುವುದನ್ನು ಬರಿ. ಅತಾ ಆಶೀರ್ವಾದ ಹೇಳಿದ್ದಾರೆ.

ಉರ್ಕುಯಾ


ಬಿಷ್ಕೆಕ್, 10 ಅಕ್ಟೋಬರ್ 2003

ಜೆಂಗೆ,

ಕಾಲುಚೀಲ ಸರಿಯಾಗಿದೆ. ಕುರುತ್ ಇಡೀ ಮಹಡಿ ತಿಂದು ಮುಗಿಸಿತು.

ಗಂಡನ ತಂಗಿಯನ್ನು ಸೊಸೆಯರು ಕರೆಯುವ ಹಾಗೆ ‘ಎರ್ಕೆ’ ಅಂತ ಮುದ್ದಾಗಿ ಕರೆದಿರಿ, ಉತ್ತರ ಮಾತ್ರ ಕೊಡಲಿಲ್ಲ. ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದೆ. ಮೊದಲು ಅನಿಸಿತು, ನಾಚಿಕೆಯಿಂದ ಬರೆದಿಲ್ಲ. ಆಮೇಲೆ ಅನಿಸಿತು, ಬರೆಯುವಂಥದ್ದು ಏನೂ ಇಲ್ಲ, ಅದಕ್ಕೇ ಬರೆದಿಲ್ಲ. ಯಾರೂ ಕೇಳಿಯೇ ಇರಲಿಲ್ಲ ಅಂತಾದರೆ ಉತ್ತರ ಎಲ್ಲಿಂದ ಬರುತ್ತದೆ? ಗ್ರಂಥಾಲಯದಲ್ಲಿ ಕೂತರೆ ಇದೇ, ಟ್ರಾಲಿಬಸ್ಸಿನಲ್ಲಿ ನಿಂತರೆ ಇದೇ. ಮೊನ್ನೆ ಇಳಿಯುವ ಸ್ಟಾಪು ಬಿಟ್ಟು ಕೊನೆಯ ತನಕ ಹೋಗಿ ನಡೆದುಕೊಂಡು ಬಂದೆ.

ಒಂದು ತಮಾಷೆ ಹೇಳುತ್ತೇನೆ. ನಮ್ಮ ಮಾತಿನಲ್ಲಿ ಕಣ್ಣಾರೆ ಕಂಡದ್ದಕ್ಕೆ ಒಂದು ಭೂತಕಾಲ, ಯಾರೋ ಹೇಳಿ ಕೇಳಿದ್ದಕ್ಕೆ ಇನ್ನೊಂದು. ‘ಅವನು ಬಂದ’ ಬೇರೆ, ‘ಅವನು ಬಂದನಂತೆ’ ಬೇರೆ. ಇಂಗ್ಲಿಷಿಗೆ ಇದು ಬೇಡವೇ ಬೇಡ. ಯಾರು ಕಂಡರು, ಯಾರು ಕೇಳಿದರು ಅಂತ ಅದು ವಿಚಾರಿಸುವುದಿಲ್ಲ. ಯಾವುದು ಮೊದಲು ಅಂತ ಮಾತ್ರ ಕೊರಳಪಟ್ಟಿ ಹಿಡಿದು ಕೇಳುತ್ತದೆ. ನನ್ನ ಬದುಕೆಲ್ಲ ‘ಅಂತೆ’ಯಲ್ಲೇ ಇದೆ ಜೆಂಗೆ. ನನ್ನನ್ನು ಕೊಟ್ಟರಂತೆ. ನಾನು ಅಳಲಿಲ್ಲವಂತೆ. ಅಪಾಳ ನಲವತ್ತನೇ ದಿನದ ಊಟ ಆದಮೇಲೆ ಹಾಸ್ಟೆಲಿಗೆ ಹೋದೆನಂತೆ.

ಜನವರಿ ರಜೆಗೆ ಇಲ್ಲಿಯ ಹಾಸ್ಟೆಲ್ ಮುಚ್ಚುತ್ತಾರೆ. ಎಲ್ಲರೂ ಮನೆಗೆ ಹೋಗಬೇಕು. ತಾತಿಬೂ ತಲಾಸ್‌ಗೆ, ಅವರ ಮನೆಗೆ ಕರೆಯುತ್ತಿದ್ದಾಳೆ. "ನಿಮ್ಮ ಮನೇಲಿ ಬೆಟ್ಟ ಬಿಟ್ರೆ ಏನಿದ್ಯೇ? ನಮ್ಮಮ್ಮ ನಿನ್ನ ದಪ್ಪ ಮಾಡಿ ಕಳಿಸ್ತಾಳೆ, ಬಾ" ಅಂತಾಳೆ. ‘ನಮ್ಮಮ್ಮ’ ಅಂತ ಎಷ್ಟು ಸಲೀಸಾಗಿ ಅಂದುಬಿಡುತ್ತಾಳೆ.

ಈ ಸಲ ಗ್ರಾಮರಿಗಾಗಿ ಅಲ್ಲ, ನೇರವಾಗಿ ಕೇಳುತ್ತಿದ್ದೇನೆ. ಅಪಾ ಹೋದಮೇಲೆ ನೀವು ನನ್ನನ್ನು ಕೇಳಿದ್ದಿರಾ, ಇಲ್ಲವಾ? ಹೌದು ಅಥವಾ ಇಲ್ಲ, ಇಷ್ಟು ಬರೆದರೆ ಸಾಕು. ‘ಇಲ್ಲ’ ಅಂದರೂ ತಡೆದುಕೊಳ್ಳುತ್ತೇನೆ. ತಲಾಸ್‌ಗೆ ಟಿಕೆಟ್ ಮಾಡಿಸುತ್ತೇನೆ, ಅಷ್ಟೇ.

ಝಿಪಾರ್


ತೆರೆಕ್-ಬುಲಾಕ್, 2 ನವೆಂಬರ್ 2003

ಮುದ್ದಿನ ಎರ್ಕೆಗೆ,

ಅತಾ ಹೇಳಿಸಿದ್ದು: ಪಟ್ಟಣದಲ್ಲಿ ತಲೆಗೆ ಬಟ್ಟೆ ಕಟ್ಟದೆ ಓಡಾಡಬೇಡ, ಗಾಳಿ ಕಿವಿಗೆ ಹೋಗುತ್ತದೆ. ಬೂದು ಕುದುರೆಯ ಮರಿಯನ್ನು ಮಾರಿಲ್ಲ. ಜನವರಿಗೆ ಬಾ, ಚಳಿಗಾಲಕ್ಕೆಂದು ಕೊಬ್ಬಿಸಿದ ಕುದುರೆಯ ಮಾಂಸ ಇರುತ್ತದೆ, ನಿನ್ನ ಪಾಲು ತೆಗೆದಿಡುತ್ತೇವೆ.

ಎಲ್ಲರೂ ಆರೋಗ್ಯ. ಕಲ್ಲಿದ್ದಲು ಬಂದಿದೆ.

ಒಂದು ಕೆಲಸ ಹೇಳುತ್ತೇನೆ. ಕುಬಾತ್‌ನ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇಲ್ಲ. ನಿನ್ನ ಆ ಭೂತಕಾಲದ ಪಾಠವನ್ನು ಬಿಡಿಸಿ ಬರೆದು ಕಳಿಸು. ಸುಲಭವಾಗಿ ಬರಿ. ಬೇಗ ಕಳಿಸು.

ಉರ್ಕುಯಾ


ಬಿಷ್ಕೆಕ್, 9 ನವೆಂಬರ್ 2003

ಜೆಂಗೆ,

ಆಯಿತು. ಕುಬಾತ್‌ಗೆ ಪಾಠ ಬೇಕು, ನನಗೆ ಉತ್ತರ ಬೇಡ. ಮಡಿಲಲ್ಲಿ ಬೆಳೆದವನಿಗೂ ಬೇಲಿಯಾಚೆ ಬೆಳೆದವಳಿಗೂ ಇಷ್ಟು ವ್ಯತ್ಯಾಸ ಇರಬೇಕಾದ್ದೇ. ಅವನದು ತಪ್ಪಲ್ಲ, ಅವನ ಮೇಲೆ ಕೋಪವಿಲ್ಲ. ಪಾಠ ಬರೆಯುತ್ತೇನೆ.

ಕುಬಾತ್, ಕೇಳು. ಆಗಿ ಮುಗಿದದ್ದಕ್ಕೆ ಸಾದಾ ಭೂತ: ಕುದುರೆ ಓಡಿತು. ಮುಗಿಯಿತು, ಅದರ ಕಡೆ ತಿರುಗಿ ನೋಡುವುದಿಲ್ಲ. ಆಗುತ್ತಿದ್ದದ್ದಕ್ಕೆ ಇನ್ನೊಂದು: ನಾನು ಹಾಲು ಕರೆಯುತ್ತಿದ್ದೆ, ಅಷ್ಟರಲ್ಲಿ ಕುದುರೆ ಒದೆಯಿತು. ಕರೆಯುವುದು ಉದ್ದ, ಒದೆಯುವುದು ಚಿಕ್ಕದು. ಮೂರನೆಯದೇ ಕಷ್ಟದ್ದು. ಹಿಂದಿನದಕ್ಕೂ ಹಿಂದೆ ಆದದ್ದು: ನಾನು ಎದ್ದು ಹೊರಗೆ ಬರುವ ಹೊತ್ತಿಗೆ ಕುದುರೆ ಓಡಿಹೋಗಿತ್ತು. ಇಲ್ಲಿ ‘ಹ್ಯಾಡ್’ ಹಾಕಬೇಕು. ‘ಹ್ಯಾಡ್’ ಅಂದರೆ ತಡವಾಗಿ ಬಂದವರ ಕಾಲ ಅಂತ ಇಟ್ಟುಕೋ. ಬಂದು ನೋಡಿದರೆ ಆಗಲೇ ಆಗಿಹೋಗಿರುತ್ತದೆ. ಇನ್ನೂ ಒಂದಿದೆ, ಬಹಳ ಹಿಂದಿನಿಂದ ಅಲ್ಲೀತನಕ ನಡೆಯುತ್ತಲೇ ಇದ್ದದ್ದು: ಅವರು ಬರುವ ಹೊತ್ತಿಗೆ ನಾನು ಕಾಯುತ್ತಲೇ ಇದ್ದೆ. ಅದು ನಿನಗೆ ಸದ್ಯಕ್ಕೆ ಬೇಡ.

ಐದೈದು ವಾಕ್ಯ ಬರೆದು ಕಳಿಸು, ತಿದ್ದುತ್ತೇನೆ.

ಜೆಂಗೆ, ನಾನು ತಲಾಸ್‌ಗೆ ಹೋಗುತ್ತೇನೆ. ಅತಾಗೆ ಹೇಗೆ ಹೇಳುತ್ತೀರೋ ಹೇಳಿ.

ಝಿಪಾರ್


ತೆರೆಕ್-ಬುಲಾಕ್, 30 ನವೆಂಬರ್ 2003

ಮುದ್ದಿನ ಎರ್ಕೆಗೆ,

ಎಲ್ಲರೂ ಆರೋಗ್ಯ. ಹಿಮ ಮೊಣಕಾಲುದ್ದ. ಅತಾ ಕೇಳುತ್ತಿದ್ದಾರೆ, ಯಾವತ್ತು ಬರುತ್ತೀ ಎಂದು. ಕುಬಾತ್‌ನ ಅಭ್ಯಾಸದ ಹಾಳೆ ಇದರ ಜೊತೆಗಿದೆ, ತಿದ್ದಿ ಕಳಿಸು.

ಉರ್ಕುಯಾ

(ಜೊತೆಗಿದ್ದ ಹಾಳೆ, ಇಂಗ್ಲಿಷಿನಲ್ಲಿ)

ಇದು ಕುಬಾತ್ ಅಲ್ಲ. ಇದು ನಾನು. ನಾನು ಸ್ಕೂಲಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಓದಿದೆ. ಎಲ್ಲ ಮರೆತಿದ್ದೆ. ನಿನ್ನ ಪಾಠ ಓದಿದೆ. ಕೆಲವು ಬಂತು.

ನಿನ್ನ ಕಾಗದ ಬಂದ ಕೂಡಲೇ ಅತಾ ನನ್ನನ್ನು ಕರೆಯುತ್ತಾರೆ. ನಾನು ಗಟ್ಟಿಯಾಗಿ ಓದುತ್ತೇನೆ. ನಿನ್ನ ಪ್ರಶ್ನೆಗಳನ್ನು ಹಾರಿಸುತ್ತೇನೆ. ಅವರು ‘ಇಷ್ಟೇನಾ? ಕಾಗದ ದಪ್ಪಗಿತ್ತಲ್ಲ’ ಅನ್ನುತ್ತಾರೆ. ನಾನು ಬರೆಯುವಾಗ ಪಕ್ಕದಲ್ಲಿ ಕೂರುತ್ತಾರೆ. ಬರೆದದ್ದನ್ನು ಓದಿಸುತ್ತಾರೆ. ನಾನು ಸೊಸೆ. ಅವರ ಮುಂದೆ ಸುಳ್ಳು ಓದಬಲ್ಲೆ, ನಿಜ ಬರೆಯಲಾರೆ. ಇಂಗ್ಲಿಷ್ ಅವರಿಗೆ ಬರುವುದಿಲ್ಲ.

ಈಗ ಅಭ್ಯಾಸ ಬರೆಯುತ್ತೇನೆ.

ಒಬ್ಬ ಹೆಂಗಸು ಇದ್ದಳು. ಅವಳು ಒಂದು ಹೆಣ್ಣು ಮಗು ಹೆತ್ತಳು. ಅತ್ತೆ ಮಗುವನ್ನು ತೆಗೆದುಕೊಂಡಳು. ಹೆಂಗಸು ‘ಬೇಡ’ ಅನ್ನಲಿಲ್ಲ. ಅದು ಪದ್ಧತಿ ಆಗಿತ್ತು. ಅತ್ತೆ ಒಳ್ಳೆಯವಳು ಆಗಿದ್ದಳು. ಮಗು ಪಕ್ಕದ ಕೋಣೆಯಲ್ಲಿ ಮಲಗುತ್ತಿತ್ತು. ಹೆಂಗಸು ಗೋಡೆಗೆ ಕಿವಿ ಇಡುತ್ತಿದ್ದಳು.

ಅತ್ತೆ ತೀರಿಕೊಂಡಳು. ಹೆಂಗಸು ಗಂಡನಿಗೆ ಹೇಳಿದಳು, ಮಗುವನ್ನು ಕೇಳು. ಗಂಡ ಹೇಳಿದ, ಅಪ್ಪ ಬದುಕಿರುವಾಗ ಕೊಟ್ಟದ್ದನ್ನು ಹೇಗೆ ಕೇಳಲಿ. ಮಾವ ಮಗುವನ್ನು ಹಾಸ್ಟೆಲಿಗೆ ಸೇರಿಸಿದರು. ಹೆಂಗಸು ಮೊದಲೇ ಕೇಳಿದ್ದಳು. ಇಲ್ಲಿ ಹ್ಯಾಡ್ ಹಾಕಿದ್ದೇನೆ. ಇದು ಸರಿಯೇ?

ಚಳಿಗಾಲದಲ್ಲಿ ಅವಳು ಯಾರಿಗೂ ಹೇಳದೆ ಕುದುರೆ ಹತ್ತಿ ನರಿನ್‌ಗೆ ಹೋದಳು. ಅದು ಶನಿವಾರ. ಎಲ್ಲ ತಾಯಂದಿರು ಬರುತ್ತಿದ್ದರು. ವಾರ್ಡನ್ ಕೇಳಿದಳು, ನೀನು ಅವಳಿಗೆ ಏನಾಗಬೇಕು? ಹೆಂಗಸು ಜೆಂಗೆ ಅಂದಳು. ಮಾವ ಬದುಕಿದ್ದರು. ಬೇರೆ ಮಾತು ಅವಳ ಬಾಯಿಗೆ ಬರಲಿಲ್ಲ. ಯಾವ ಸೊಸೆಯ ಬಾಯಿಗೂ ಬರುವುದಿಲ್ಲ. ವಾರ್ಡನ್ ಹೇಳಿದಳು, ತಂದೆ ತಾಯಿಗೆ ಮಾತ್ರ ಮಗುವನ್ನು ಕೊಡುತ್ತೇವೆ. ಹೆಂಗಸು ಬೇಲಿಯ ಹತ್ತಿರ ನಿಂತಳು. ಮಗು ಅಂಗಳದ ಮಂಜುಗಡ್ಡೆಯ ಮೇಲೆ ಜಾರುತ್ತಿತ್ತು. ನಗುತ್ತಿತ್ತು. ಹೆಂಗಸು ಕರಿದ ರೊಟ್ಟಿಯ ಚೀಲವನ್ನು ವಾರ್ಡನ್ ಕೈಯಲ್ಲಿ ಕೊಟ್ಟಳು. ವಾಪಸು ಬಂದಳು.

ಅಭ್ಯಾಸ ಮುಗಿಯಿತು.


ಬಿಷ್ಕೆಕ್, 14 ಡಿಸೆಂಬರ್ 2003

ಜೆಂಗೆ,

ಅತಾಗೆ ನಮಸ್ಕಾರ. ಪರೀಕ್ಷೆ ಹತ್ತಿರ ಬಂತು. ಕುಬಾತ್‌ನ ಹಾಳೆ ತಿದ್ದಿ ಇದರ ಜೊತೆ ಇಟ್ಟಿದ್ದೇನೆ.

ಝಿಪಾರ್

(ಜೊತೆಗಿದ್ದ ಹಾಳೆಯ ಹಿಂಬದಿ, ಇಂಗ್ಲಿಷಿನಲ್ಲಿ)

ನಿಮ್ಮ ಹಾಳೆಯನ್ನು ಇಟ್ಟುಕೊಳ್ಳಬೇಕೆಂದಿದ್ದೆ, ಆದರೆ ವಾಪಸು ಹೋಗದಿದ್ದರೆ ಅತಾಗೆ ಅನುಮಾನ ಬರುತ್ತದೆ. ಅದಕ್ಕೇ ಕಳಿಸುತ್ತಿದ್ದೇನೆ. ಏನು ಮಾಡುವುದೆಂದು ತೋಚದೆ ಕೆಂಪು ಪೆನ್ನು ಹಿಡಿದು ತಿದ್ದಲು ಕೂತೆ. ನನಗೆ ಬರುವುದು ಅದೊಂದೇ ಕೆಲಸ. ಆರ್ಟಿಕಲ್ ತಿದ್ದಿದೆ, ಕಾಗುಣಿತ ತಿದ್ದಿದೆ, ಅಲ್ಪವಿರಾಮ ಹಾಕಿದೆ. ತಾತಿಬೂ ಇಣುಕಿ ನೋಡಿ, "ಏನೇ ಇದು, ಕುರಿ ಕೊಯ್ದ ಹಾಗಿದೆ" ಅಂದಳು. ಓದಿದಮೇಲೆ ಪೆನ್ನು ಕಿತ್ತುಕೊಂಡಳು.

ಆ ಚೀಲ ನನಗೆ ಸಿಕ್ಕಿತ್ತು. ‘ಮನೆಯಿಂದ’ ಅಂದಿದ್ದರು. ಅತಾ ಕಳಿಸಿದ್ದು ಅಂದುಕೊಂಡು ಹಾಸಿಗೆಯಲ್ಲಿ ಹೊದ್ದುಕೊಂಡು ಒಬ್ಬಳೇ ತಿಂದೆ.

ಒಂದು ಮಾತು ಸಾಕಿತ್ತಲ್ಲ! ಆ ವಾರ್ಡನ್ ನಿಮ್ಮ ಮಾವನ ನೆಂಟಳಾ? ನಾಚಿಕೆ ಯಾರದ್ದು? ಗೇಟಿನ ಹತ್ತಿರ ಊರವರು ಯಾರೂ ಇರಲಿಲ್ಲವಲ್ಲ. ‘ತಾಯಿ’ ಅಂದುಬಿಟ್ಟು, ಆಮೇಲೆ ಬೇಕಾದರೆ ಇಡೀ ದಾರಿ ಕುದುರೆಯ ಮೇಲೆ ಕೂತು ಕ್ಷಮೆ ಕೇಳಬಹುದಿತ್ತಲ್ಲ. ಹೀಗೆ ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ನಾನು ಅಲ್ಲಿದ್ದು, ನನ್ನನ್ನು ಕರೆದು ‘ಇವರು ಯಾರು’ ಅಂತ ಕೇಳಿದ್ದರೆ ನಾನೂ ಜೆಂಗೆ ಅಂತಲೇ ಹೇಳುತ್ತಿದ್ದೆ. ಅದೇ ಹೆದರಿಕೆ ಆಗುತ್ತಿದೆ.

ಮತ್ತೆ ಯಾವಾಗಲಾದರೂ ಬಂದಿದ್ದಿರಾ? ತಲಾಸ್ ಟಿಕೆಟ್ ಇನ್ನೂ ತೆಗೆದಿಲ್ಲ. ತೆಗೆಯಲೂ ಆಗುತ್ತಿಲ್ಲ, ಬೇಡ ಅನ್ನಲೂ ಆಗುತ್ತಿಲ್ಲ, ತಾತಿಬೂ ಬೈಯುತ್ತಿದ್ದಾಳೆ. ಬೇಗ ಬರೆಯಿರಿ.


ತೆರೆಕ್-ಬುಲಾಕ್, 28 ಡಿಸೆಂಬರ್ 2003

ಎರ್ಕೆ,

ಕಣಿವೆಯ ದಾರಿ ಹಿಮ ಬಿದ್ದು ಮುಚ್ಚಿತ್ತು, ನಿನ್ನ ಕಾಗದ ಸಾಬಿರನ ಕಾರಿನಲ್ಲಿ ನಾಲ್ಕಾರು ದಿನ ಮಲಗಿತ್ತಂತೆ. ಮೊನ್ನೆ ಬಂತು. ಈ ಕಾಗದವನ್ನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಅತಾ ಪಕ್ಕದಲ್ಲೇ ಇದ್ದಾರೆ. ಹೇಗಾಯಿತು ಕೇಳು.

ಲಕೋಟೆ ಬಿಡಿಸಿದೆ, ಹಾಳೆ ಜಾರಿ ಅವರ ತೊಡೆಯ ಮೇಲೆ ಬಿತ್ತು. ಅಕ್ಷರ ಕಾಣದಿದ್ದರೂ ಕೆಂಪು ಕಂಡಿತು.

"ಏನಿದು, ರಕ್ತಾನಾ?"

"ಅಲ್ಲ ಅತಾ, ಕುಬಾತ್ ಬರೆದದ್ದನ್ನ ಎರ್ಕೆ ತಿದ್ದಿದ್ದಾಳೆ."

"ಇಷ್ಟೊಂದು ತಪ್ಪಾ? ಕರಿ ಆ ಕತ್ತೇನ."

ಕುಬಾತ್ ಬಂದ. ನಾನು ಕಣ್ಣಿನಲ್ಲೇ ಎಷ್ಟು ಸನ್ನೆ ಮಾಡಿದೆನೋ ದೇವರಿಗೇ ಗೊತ್ತು. ಆ ಹುಡುಗನಿಗೆ ಮಾನ ಮುಖ್ಯವಾಯಿತು. "ಇದು ನಂದಲ್ಲ ಅತಾ! ನನ್ನ ಅಕ್ಷರ ಇಷ್ಟು ಕೆಟ್ಟದಾಗಿಲ್ಲ" ಅಂದುಬಿಟ್ಟ.

ಅತಾ ಅವನನ್ನು ಹೊರಗೆ ಕಳಿಸಿದರು. "ಸೊಸೆ, ಬಾಗಿಲು ಹಾಕು. ಈಗ ಓದು. ನನಗೆ ತಿಳಿಯೋ ಹಾಗೆ ಓದು. ಹಾರಿಸ್ಬೇಡ. ನೀನು ಹಾರಿಸೋದು ನನಗೆ ಕೇಳ್ಸುತ್ತೆ, ಉಸಿರು ಬದಲಾಗುತ್ತೆ."

ಓದಿದೆ. ಅವರ ಕಡೆ ಬೆನ್ನು ಮಾಡಿ ನಿಂತು ನನ್ನ ಹಾಳೆಯನ್ನೂ ಓದಿದೆ, ನಿನ್ನ ಹಿಂಬದಿಯನ್ನೂ ಓದಿದೆ. ಮುಗಿದಮೇಲೆ ಅವರು ಚಹಾ ಕೇಳಿದರು. ಕೊಟ್ಟೆ. ಕುಡಿಯಲಿಲ್ಲ.

"ಅವತ್ತು ನೀನು ಹೋಗಿದ್ದು ನನಗೆ ಗೊತ್ತಿತ್ತು" ಅಂದರು. "ಬೂದು ಕುದುರೆ ಬೆವತು ನೊರೆ ಬಿಟ್ಕೊಂಡು ಬಂದಿತ್ತು. ನಾನೇ ಒರೆಸಿದ್ದು."

"ಕೇಳಲಿಲ್ವಲ್ಲ ಅತಾ."

"ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ರೆ ನಾನು ಕೊಡ್ಬೇಕಾಗ್ತಿತ್ತು."

ಇಷ್ಟು ವರ್ಷದಲ್ಲಿ ಅವರ ಎದುರು ನಾನು ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. "ಕೊಟ್ಟಿದ್ರೆ ಏನಾಗ್ತಿತ್ತು? ಇದೇ ಮನೇಲಿ ಇರ್ತಿದ್ಲು. ನಿಮ್ಮ ಕಣ್ಣೆದುರೇ ಇರ್ತಿದ್ಲು!"

"ನಿನ್ನ ಮಗಳಾಗಿ ಇರ್ತಿದ್ಲು" ಅಂದರು. "ನನ್ನ ಮುದುಕಿ ಮಣ್ಣಿಗೆ ಹೋಗಿದ್ಲು. ಅವಳ ಕೈಯಲ್ಲಿ ಬೆಳೆದದ್ದು ಅಂತ ನನಗೆ ಉಳಿದಿದ್ದು ಅದೊಂದು ಮಗು. ಅದೂ ಒಲೆ ಮುಂದೆ ನಿನ್ನ ಅಮ್ಮಾ ಅಂತ ಕರೆಯೋದನ್ನ ಕೇಳ್ಕೊಂಡು ಕೂರ್ಬೇಕಿತ್ತಾ ನಾನು? ಯಾರಿಗೂ ಸಿಗದಿರ್ಲಿ ಅಂತ ದೂರ ಹಾಕ್ದೆ. ತಪ್ಪೋ ಸರಿಯೋ, ನಾನೇ ಹಾಕಿದ್ದು. ಹಾಗೇ ಬರಿ."

ಹಾಗೇ ಬರೆದಿದ್ದೇನೆ.

ಈಗ ಅವರು ಹೇಳಿಸುತ್ತಿರುವುದು: ಉರ್ಕುಯಾನ ನೀನು ಏನಂತ ಕರೀತೀಯೋ ಕರಿ, ನಾನು ಅಡ್ಡ ಬರಲ್ಲ. ನನ್ನ ಅತಾ ಅನ್ನೋದು ಮಾತ್ರ ಬಿಡ್ಬೇಡ.

ನೀನು ಕೇಳಿದ್ದಕ್ಕೆ ಉತ್ತರ. ಮತ್ತೆ ಬಂದಿದ್ದೆ. ಆಮೇಲೆ ಯಾರೂ ಏನಾಗಬೇಕು ಅಂತ ಕೇಳದ ಹಾಗೆ ಗೇಟಿಗೆ ಹೋಗುವುದನ್ನೇ ಬಿಟ್ಟೆ. ಸಂತೆಗೆ ಬಂದಾಗಲೆಲ್ಲ ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದೆ. ನೀನು ಒಂದು ವರ್ಷ ಜಡೆ ಕತ್ತರಿಸಿಕೊಂಡಿದ್ದೆ. ನನಗೆ ಇಷ್ಟವಾಗಿರಲಿಲ್ಲ.

ತಲಾಸ್‌ಗೆ ಹೋಗಬೇಕೆನಿಸಿದರೆ ಹೋಗು. ಬಲವಂತ ಮಾಡುವ ಹಕ್ಕು ನನಗೆ ಇನ್ನೂ ರೂಢಿಯಾಗಿಲ್ಲ.

ಉರ್ಕುಯಾ


ಬಿಷ್ಕೆಕ್, 4 ಜನವರಿ 2004

ಈ ಕಾಗದದ ತಲೆಯಲ್ಲಿ ಯಾರಿಗೆ ಅಂತ ಬರೆದಿಲ್ಲ. ಹಾಳೆಗಳನ್ನು ಹರಿದು ಹರಿದು ತಾತಿಬೂ ಕೈಲಿ ಬೈಸಿಕೊಂಡೆ. ಹಳೆಯದನ್ನು ಬರೆದರೆ ಸುಳ್ಳು ಅನಿಸುತ್ತದೆ, ಹೊಸದನ್ನು ಬರೆದರೆ ಕದ್ದ ಹಾಗಾಗುತ್ತದೆ. ಅದಕ್ಕೇ ಖಾಲಿ ಬಿಟ್ಟಿದ್ದೇನೆ.

ಪರೀಕ್ಷೆ ಮುಗಿಯಿತು. ನಿಮ್ಮ ಕಾಗದ ಬರುವ ಮೊದಲೇ ಪುಟ ಒಪ್ಪಿಸಬೇಕಾಗಿತ್ತು. ನಿಮ್ಮ ಅಭ್ಯಾಸದ ಹಾಳೆಯಿಂದ ನನಗೆ ತಿಳಿದಷ್ಟನ್ನು ಬರೆದೆ. ತಮಾರಾ ಇಸಾಯೆವ್ನಾ ಓದಿ, ಕನ್ನಡಕ ತೆಗೆದು, "ಕಾಲಗಳೆಲ್ಲ ಸರಿ ಇವೆ" ಅಂದರು. ಪಾಸಾಗಿದ್ದೇನೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಗೆರೆಯ ಮೇಲೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತಿವೆ, ಆದರೆ ನನಗೆ ಮಾತ್ರ ಒಂದು ಕಡೆ ಕೂರಲು ಆಗುತ್ತಿಲ್ಲ. ಚೀಲ ಕಟ್ಟುತ್ತೇನೆ, ಬಿಚ್ಚುತ್ತೇನೆ.

ಅತಾಗೆ ಇದನ್ನು ಹಾರಿಸದೆ ಓದಿ. ಅತಾ, ನಿಮ್ಮನ್ನು ಬೇರೆ ಏನಂತ ಕರೆಯಲಿ? ನೀವು ನನ್ನ ಅತಾನೇ. ಆದರೆ ನನಗೆ ನಿಮ್ಮ ಮೇಲೆ ಕೋಪ ಇದೆ. ಹಾಸ್ಟೆಲಿನಲ್ಲಿ ಪ್ರತಿ ಶನಿವಾರ ಗೇಟಿನ ಕಡೆ ಮುಖ ಮಾಡಬಾರದು ಅಂತ ನಾನು ಅಂಗಳದ ಆ ತುದಿಗೆ ಹೋಗಿ ಜಾರುತ್ತಿದ್ದೆ. ಜೋರಾಗಿ ನಗುತ್ತಿದ್ದೆ, ಯಾರೂ ಬರಲಿಲ್ಲ ಅಂತ ಬೇರೆ ಹುಡುಗಿಯರಿಗೆ ಗೊತ್ತಾಗದಿರಲಿ ಅಂತ. ಕೋಪ ಇಟ್ಟುಕೊಂಡೇ ಬರುತ್ತೇನೆ. ನನ್ನ ಪಾಲಿನ ಮಾಂಸ ತೆಗೆದಿಟ್ಟಿರಿ.

ಶುಕ್ರವಾರ ಸಾಬಿರನ ಕಾರಿನಲ್ಲಿ ಹೊರಡುತ್ತೇನೆ. ತಾತಿಬೂ ಒಬ್ಬಳೇ ತಲಾಸ್‌ಗೆ ಹೋಗುತ್ತಿದ್ದಾಳೆ. "ನಿನ್ನ ದಪ್ಪ ಮಾಡೋಕೆ ಬೇರೆ ಯಾರೋ ಇದ್ದಾರೆ ಬಿಡು" ಅಂತ ಹಂಗಿಸಿ, ತನ್ನ ಉಣ್ಣೆ ಶಾಲನ್ನು ನನ್ನ ಚೀಲಕ್ಕೆ ತುರುಕಿದಳು.

ನನಗೆ ಒಂದು ಹೆದರಿಕೆ. ಕಾರು ನಿಲ್ಲುತ್ತದೆ, ಕುಬಾತ್ ಓಡಿಬರುತ್ತಾನೆ, ನೀವು ಕೈ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬರುತ್ತೀರಿ. ಆಗ ರೂಢಿಯ ಮೇಲೆ ಹಳೆಯ ಮಾತೇ ನನ್ನ ಬಾಯಿಂದ ಹೊರಟುಬಿಟ್ಟರೆ? ಅದಕ್ಕೆ ನಾನು ಬಾಯಿ ಬಿಡುವುದಿಲ್ಲ. ನೀವೇ ಮೊದಲು ಕರೆಯಿರಿ. ನಿಮ್ಮ ಬಾಯಿಗೆ ಏನು ಬರುತ್ತದೋ ಅದನ್ನೇ ಕರೆಯಿರಿ. ನಾನು ಓಗೊಡುತ್ತೇನೆ.